ಹೊಸ ವಿದ್ಯಾರ್ಥಿಗಳ ಚಿಂತೆ: ಜಿಎಡಿ-7 ಒಂದೇ ಸಾಕೇ?

ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದವರ ಚಿಂತೆಯನ್ನು ಅಳೆಯಲು ಜಿಎಡಿ-7 ಎಂಬ ಆತಂಕ ಅಳೆಯುವ ಪ್ರಶ್ನಾವಳಿಯೊಂದೇ ಸಾಕೇ ಎಂದು ತಾವು ಕೇಳಿದ್ದೀರಿ. ಸಾಲದು ಎಂಬುದು ನನ್ನ ಅಭಿಪ್ರಾಯ. ಏಳು ಪ್ರಶ್ನೆಗಳ ಆ ಮಾಪನವು ಚಿಂತೆಯ ಜೊತೆಗೆ ಚಡಪಡಿಕೆ, ಸಿಡುಕು, ಭಯಗಳನ್ನೂ ಸೇರಿಸಿಕೊಂಡು ಕಳೆದ ಎರಡು ವಾರಗಳ ಸ್ಥಿತಿಯನ್ನಷ್ಟೇ ಕೇಳುತ್ತದೆ. ಹಾಸ್ಟೆಲ್ ಸೇರಿದ ಮೊದಲ ಹದಿನೈದು ದಿನಗಳಲ್ಲಿ ಅದನ್ನು ತುಂಬಿಸಿಕೊಂಡರೆ, ಊರು ಬಿಟ್ಟು ಬಂದ ತಳಮಳವೂ ಸ್ವಭಾವದಲ್ಲೇ ಇರುವ ಚಿಂತೆಯೂ ಬೇರ್ಪಡಿಸಲಾಗದಂತೆ ಬೆರೆತುಹೋಗುತ್ತವೆ. ಚಿಂತಿಸುವ ಪ್ರವೃತ್ತಿಯನ್ನೇ ಅಳೆಯಬೇಕೆಂದಿದ್ದರೆ 1990ರಲ್ಲಿ ಪ್ರಕಟವಾದ ಪೆನ್ ಸ್ಟೇಟ್ ಚಿಂತಾ ಪ್ರಶ್ನಾವಳಿ ಹೆಚ್ಚು ಸೂಕ್ತ. ಅದರಲ್ಲಿ 16 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕಗಳಿರುವುದರಿಂದ ಮೊತ್ತವು 16ರಿಂದ 80ರ ನಡುವೆ ಬರುತ್ತದೆ. ಐದು ಹೇಳಿಕೆಗಳು ಚಿಂತೆಯಿಲ್ಲದಿರುವುದನ್ನು ಹೇಳುವಂಥವು. ಅವುಗಳ ಅಂಕಗಳನ್ನು ತಿರುಗಿಸಿ, ಅಂದರೆ 5ನ್ನು 1 ಎಂದೂ 4ನ್ನು 2 ಎಂದೂ ಎಣಿಸಿ, ಕೂಡಬೇಕು (ಇದನ್ನು ಮರೆತು ಇಡೀ ಲೆಕ್ಕ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ).

ಕನ್ನಡದಲ್ಲಿ ಕೇಳುವಾಗ ತೊಡಕು ಬೇರೆಯೇ ಇದೆ. ಆಡುಮಾತಿನಲ್ಲಿ ‘ಯೋಚನೆ ಮಾಡಬೇಡ’ ಎಂದರೆ ಚಿಂತಿಸಬೇಡ ಎಂದೇ ಅರ್ಥ. ಆದರೆ ಅಚ್ಚಾದ ಹಾಳೆಯ ಮೇಲೆ ‘ನಾನು ಸದಾ ಯೋಚಿಸುತ್ತೇನೆ’ ಎಂದಿದ್ದರೆ ಹಲವರು ಅದನ್ನು ಬುದ್ಧಿವಂತಿಕೆಯ ಲಕ್ಷಣವೆಂದು ಓದಿ 5ಕ್ಕೆ ಗುರುತು ಹಾಕಿಬಿಡುತ್ತಾರೆ. ಆದ್ದರಿಂದ ಅನುವಾದವನ್ನು ಮೂಲ ನೋಡದವರೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ, ಬಳಿಕ ನಾಲ್ಕೈದು ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಪ್ರತಿ ಹೇಳಿಕೆಯನ್ನೂ ಅವರು ಹೇಗೆ ಅರ್ಥಮಾಡಿಕೊಂಡರೆಂದು ಕೇಳಿ ನೋಡಿ.