ಜಾಹೀರಾತಿನ ಪುಟ ಬಿಟ್ಟು ಸ್ಕ್ಯಾನ್ ಮಾಡಬೇಡಿ

(ಸಂಪಾದಕರ ಉತ್ತರ)

ತುಮಕೂರಿನ ಓದುಗರೊಬ್ಬರ ಪತ್ರದ ಸಾರ ಇದು: "ಕಳೆದ ಸಂಚಿಕೆಯಲ್ಲಿ ಹತ್ತೊಂಬತ್ತನೇ ಶತಮಾನದ ಕಲ್ಕತ್ತೆಯ ಇಂಗ್ಲಿಷ್ ಪತ್ರಿಕೆಯೊಂದರ ಪುಟವನ್ನು ಇದ್ದ ಹಾಗೇ ಅಚ್ಚು ಹಾಕಿದ್ದೀರಿ. ಅದರಲ್ಲಿ ಮುಕ್ಕಾಲು ಪಾಲು ಬಾಡಿಗೆ ಮನೆ, ಹರಾಜು, ಗುಳಿಗೆ, ಮುಲಾಮು. ಓದುವಂಥದ್ದು ಏನಿದೆ? ನಾವು ಕೆಲವರು ಚಂದಾ ಎತ್ತಿ ಹಳೆಯ ಕನ್ನಡ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದೇವೆ. ಜಾಹೀರಾತಿನ ಪುಟ ಬಿಟ್ಟರೆ ಖರ್ಚು ಎಷ್ಟೋ ಉಳಿಯುತ್ತದೆ. ಸುಳ್ಳು ಔಷಧಿಗಳ ಪ್ರಚಾರವನ್ನು ಉಳಿಸಿ ಯಾರಿಗೇನು ಉಪಕಾರ?"

ಮಾನ್ಯರೇ, ಧೂಳು ಹಿಡಿದ ಕಟ್ಟುಗಳನ್ನು ಇಳಿಸಿ, ಒರೆಸಿ, ಕೈಯಿಂದ ಹಣ ಹಾಕಿ ಉಳಿಸಲು ಹೊರಟ ನಿಮ್ಮ ಗೆಳೆಯರ ಗುಂಪಿಗೆ ಮೊದಲು ನಮಸ್ಕಾರ. ನೀವು ಹೇಳಿದ ಖರ್ಚಿನ ಮಾತು ನಿಜ. ಆ ಔಷಧಿಯ ಜಾಹೀರಾತುಗಳು ಸುಳ್ಳು ಹೇಳಿದ್ದೂ ನಿಜ, ಅಫೀಮು ಬೆರೆತ ಔಷಧಿ ಕುಡಿದು ಜನ ಸತ್ತದ್ದೂ ನಿಜ. ಆದರೂ ಒಂದು ಮಾತು ಹೇಳಲೇಬೇಕು. ಏನನ್ನಾದರೂ ಬಿಡಲೇಬೇಕಾದ ಪಕ್ಷದಲ್ಲಿ ಅಗ್ರಲೇಖನ ಬಿಡಿ, ಜಾಹೀರಾತು ಬಿಡಬೇಡಿ. ದೊಡ್ಡ ಸಂಪಾದಕರ ಅಗ್ರಲೇಖನಗಳು ಹೇಗೋ ಪುಸ್ತಕವಾಗಿ ಉಳಿಯುತ್ತವೆ. ಜಾಹೀರಾತನ್ನು ಯಾರೂ ಎರಡನೇ ಸಲ ಅಚ್ಚು ಹಾಕುವುದಿಲ್ಲ. ಆ ಹಾಳೆ ಹೋದರೆ ಹೋಯಿತು.

ಮನೆಯ ಜಾಹೀರಾತನ್ನೇ ತೆಗೆದುಕೊಳ್ಳಿ. 1780ರ ಜನವರಿ 29ರಂದು ಹಿಕ್ಕಿಯ 'ಬೆಂಗಾಲ್ ಗೆಜೆಟ್' ಹೊರಟಾಗಿನಿಂದ, 1784ರಲ್ಲಿ ಗ್ಲ್ಯಾಡ್ವಿನ್ 'ಕಲ್ಕತ್ತಾ ಗೆಜೆಟ್' ಶುರು ಮಾಡಿದ ಮೇಲೂ, ಬಾಡಿಗೆಗಿರುವ ಮನೆಗಳ ಪಟ್ಟಿ ಆ ಊರಿನ ಪತ್ರಿಕೆಗಳ ಕಾಯಂ ಸರಕು. ಮನೆ ಇಟ್ಟಿಗೆ ಗಾರೆಯ ಪಕ್ಕಾ ಕಟ್ಟಡವೋ ಹುಲ್ಲು ಹೊದಿಸಿದ ಬಂಗಲೆಯೋ, ಮಹಡಿ ಉಂಟೋ ಇಲ್ಲವೋ, ಹಾಲ್ ಎಷ್ಟು, ಕೋಣೆ ಎಷ್ಟು, ತೆಂಕಣ ದಿಕ್ಕಿಗೆ ವರಾಂಡ ಇದೆಯೇ, ಮನೆಯಿಂದ ದೂರದಲ್ಲಿ ಅಡುಗೆಮನೆ, ಮದ್ಯದ ಬಾಟಲಿ ಇಡುವ ಬಾಟ್ಲಿಖಾನೆ, ಗೋದಾಮು, ಕುದುರೆ ಲಾಯ, ಆವರಣದೊಳಗೊಂದು ಕೊಳ. ಇವನ್ನು ಓದುವಾಗ ಒಂದು ಸೂತ್ರ ನೆನಪಿಟ್ಟುಕೊಳ್ಳಿ. ಬಾಡಿಗೆಗೆ ಬರುವವನು ನಾಳೆ ಬೆಳಿಗ್ಗೆ ಬಂದು ನೋಡುತ್ತಾನೆ, ಆದ್ದರಿಂದ ಎಣಿಸಬಹುದಾದದ್ದರಲ್ಲಿ ಸುಳ್ಳು ಕಡಿಮೆ. ಕೋಣೆಯ ಲೆಕ್ಕ, ಜಾಗದ ಅಳತೆ, ಬಾಡಿಗೆ ನಂಬಬಹುದು. "ಆರೋಗ್ಯಕರ ಜಾಗ", "ಒಳ್ಳೆಯ ಗಾಳಿ" ಎಂಬವು ಮನೆಯ ಗುಣವನ್ನಲ್ಲ, ಬಾಡಿಗೆಗೆ ಬರುವವನ ಭಯವನ್ನು ಹೇಳುತ್ತವೆ.

ಲೆಕ್ಕ ಮಾಡುವಾಗ ಎರಡು ಕಡೆ ಎಡವುವುದುಂಟು. ಮೊದಲನೆಯದು ಹಣ. ಆಗ ಬಾಡಿಗೆ ಹೇಳುತ್ತಿದ್ದದ್ದು ಟಂಕಿಸಿದ ನಾಣ್ಯವಾದ ಸಿಕ್ಕಾ ರೂಪಾಯಿಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಪತ್ರ ಇದ್ದದ್ದು ಲೆಕ್ಕಕ್ಕಷ್ಟೇ ಬಳಸುತ್ತಿದ್ದ ಕರೆಂಟ್ ರೂಪಾಯಿಯಲ್ಲಿ. ನೂರು ಸಿಕ್ಕಾ ಅಂದರೆ 116 ಕರೆಂಟ್. ಇದನ್ನು ಗಮನಿಸದೆ ಎರಡು ಕಡೆಯ ಬಾಡಿಗೆ ಹೋಲಿಸಿದರೆ ಇಲ್ಲದ ಏರಿಕೆ ಕಾಣುತ್ತದೆ. ಎರಡನೆಯದು ಅಳತೆ. ಬಂಗಾಳದ ಬಿಘಾ ಎಂದರೆ ಇಪ್ಪತ್ತು ಕಠಾ, 14,400 ಚದರಡಿ. ಬೇರೆ ಪ್ರಾಂತ್ಯದ ಬಿಘಾ ಬೇರೆ. ಮದ್ರಾಸಿನ ಜಾಹೀರಾತಿನಲ್ಲಿ ಬರುವ ಗ್ರೌಂಡ್ 2,400 ಚದರಡಿ, ಅಂಥ 24 ಸೇರಿದರೆ ಒಂದು ಕಾಣಿ. ನಮ್ಮ ಬೆಂಗಳೂರಿನ ಮೂವತ್ತು-ನಲವತ್ತರ ಸೈಟು ಸರಿಯಾಗಿ ಅರ್ಧ ಗ್ರೌಂಡ್.

ಇನ್ನು ಆ ಭಯದ ವಿಷಯ. ಜ್ವರ ಬರುವುದು ಜೌಗಿನಿಂದ ಏಳುವ ಕೆಟ್ಟ ಗಾಳಿಯಿಂದ ಎಂದೇ ಆಗ ವೈದ್ಯರೂ ನಂಬಿದ್ದರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡದ್ದು 1897ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ಎತ್ತರದ ಜಾಗ, ತೆಂಕಣ ಗಾಳಿ ಎಂದರೆ ಬಾಡಿಗೆ ಜಾಸ್ತಿ. ಆವರಣದ ಕೊಳವನ್ನೂ ಅನುಕೂಲವೆಂದೇ ಬರೆದು ಬಾಡಿಗೆ ಕೇಳುತ್ತಿದ್ದರು, ಸೊಳ್ಳೆ ಹುಟ್ಟುತ್ತಿದ್ದದ್ದು ಅಂಥ ನಿಂತ ನೀರಿನಲ್ಲೇ. ಪಕ್ಕದ ಕಾಲಮ್ಮಿನಲ್ಲಿ ಚಳಿಜ್ವರದ ಗುಳಿಗೆ. ಮನೆಯ ಜಾಹೀರಾತು, ಔಷಧಿಯ ಜಾಹೀರಾತು ಎರಡನ್ನೂ ಬರೆಸಿದ್ದು ಒಂದೇ ಜ್ವರ. ಪುಟ ಇಡಿಯಾಗಿ ಉಳಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ. ಸೆಟನ್-ಕಾರ್ ಎಂಬ ಬ್ರಿಟಿಷ್ ಅಧಿಕಾರಿ 1864ರಿಂದ 'ಕಲ್ಕತ್ತಾ ಗೆಜೆಟ್'ನ ಆಯ್ದ ಭಾಗಗಳನ್ನು ಸಂಪುಟವಾಗಿ ತಂದಾಗ ಜಾಹೀರಾತುಗಳನ್ನೂ ಸೇರಿಸಿದರು. ಆ ಉಪಕಾರ ಸಣ್ಣದಲ್ಲ. ಆದರೆ ಆಯ್ದು ತೆಗೆದ ಜಾಹೀರಾತಿನ ಅಕ್ಕಪಕ್ಕ ಏನಿತ್ತೆಂದು ಆ ಸಂಪುಟ ನೋಡಿ ಹೇಳಲಾಗುವುದಿಲ್ಲ.

ಅಕ್ಕಪಕ್ಕದಲ್ಲಿ ಮನುಷ್ಯರ ಮಾರಾಟವೂ ಇತ್ತು. ಆಫ್ರಿಕಾದಿಂದ ತಂದ ಹುಡುಗರನ್ನು ಮಾರುವ, ಓಡಿಹೋದ ಗುಲಾಮನನ್ನು ಹಿಡಿದುಕೊಟ್ಟರೆ ಇನಾಮು ಕೊಡುವ ಪ್ರಕಟಣೆಗಳು ಹದಿನೆಂಟನೇ ಶತಮಾನದ ಕಲ್ಕತ್ತೆಯ ಪತ್ರಿಕೆಗಳಲ್ಲಿ ಬಂದಿವೆ. ಕಾನೂನು ಗುಲಾಮಗಿರಿಯನ್ನು ಗುರುತಿಸುವುದನ್ನು ನಿಲ್ಲಿಸಿದ್ದು 1843ರಲ್ಲಿ. ಅದಕ್ಕೆ ಮೊದಲು ಊರಿನ ಮನೆಮನೆಯೊಳಗೆ ಏನು ನಡೆಯುತ್ತಿತ್ತು ಎಂಬುದಕ್ಕೆ ಯಜಮಾನರು ತಾವೇ ದುಡ್ಡು ಕೊಟ್ಟು ಹಾಕಿಸಿದ ಈ ನಾಲ್ಕು ಸಾಲು ದೊಡ್ಡ ಸಾಕ್ಷಿ. ಇವನ್ನೂ "ಓದುವಂಥದ್ದಲ್ಲ" ಎಂದು ಬಿಟ್ಟುಬಿಡುತ್ತೀರಾ?

ಔಷಧಿಗೆ ಬರೋಣ. ಲಂಡನ್ನಿನ ಥಾಮಸ್ ಹಾಲೊವೇ 1837ರಲ್ಲಿ ಮುಲಾಮು ಮಾರಲು ಶುರು ಮಾಡಿದ, ಆಮೇಲೆ ಗುಳಿಗೆ. ಜಾಹೀರಾತಿನ ಸಾಲ ತೀರಿಸಲಾಗದೆ ಸೆರೆಮನೆಯನ್ನೂ ಕಂಡ. 1842ರಲ್ಲಿ ವರ್ಷಕ್ಕೆ 5,000 ಪೌಂಡಿದ್ದ ಅವನ ಜಾಹೀರಾತಿನ ಖರ್ಚು 1883ರಲ್ಲಿ ಸಾಯುವ ಹೊತ್ತಿಗೆ 50,000 ಮುಟ್ಟಿತ್ತು. ಅವನ ಜಾಹೀರಾತಿನ ಕೊನೆಯಲ್ಲಿ ಬರುವ ಬೆಲೆಗಳನ್ನು ನೋಡಿ: 1 ಶಿಲ್ಲಿಂಗ್ ಒಂದೂವರೆ ಪೆನ್ಸ್, 2 ಶಿಲ್ಲಿಂಗ್ 9 ಪೆನ್ಸ್, 4 ಶಿಲ್ಲಿಂಗ್ 6 ಪೆನ್ಸ್, ಆಮೇಲೆ 11, 22, 33 ಶಿಲ್ಲಿಂಗ್. ಈ ವಿಚಿತ್ರ ಚಿಲ್ಲರೆಗೆ ಕಾರಣ ಬ್ರಿಟನ್ನಿನ ಔಷಧಿ ಸ್ಟಾಂಪ್ ತೆರಿಗೆ. ಒಂದು ಶಿಲ್ಲಿಂಗಿನವರೆಗಿನ ಸರಕಿಗೆ ಒಂದೂವರೆ ಪೆನ್ಸ್, ಎರಡೂವರೆ ಶಿಲ್ಲಿಂಗಿಗೆ ಮೂರು ಪೆನ್ಸ್, ನಾಲ್ಕಕ್ಕೆ ಆರು ಪೆನ್ಸ್, ಹತ್ತಕ್ಕೆ ಒಂದು ಶಿಲ್ಲಿಂಗ್, ಹೀಗೆ. ಕೂಡಿಸಿ ನೋಡಿ, ತಾಳೆಯಾಗುತ್ತದೆ. ತೆರಿಗೆ ಕಟ್ಟಿದ ಗುರುತಿಗೆ ಡಬ್ಬಿಯ ಮೇಲೆ ಸರ್ಕಾರಿ ಸ್ಟಾಂಪು ಬೀಳುತ್ತಿತ್ತು. ಅದನ್ನೇ ತೋರಿಸಿ, ಸರ್ಕಾರ ಒಪ್ಪಿದ ಔಷಧಿ ಎಂಬ ಭಾವನೆ ಹುಟ್ಟಿಸುತ್ತಿದ್ದರು. ಇಂಥ ಬೆಲೆ ಯಾವ ವಸಾಹತಿನ ಪತ್ರಿಕೆಯಲ್ಲಿ ಕಂಡರೂ ಆ ಜಾಹೀರಾತಿನ ಮೂಲ ಬ್ರಿಟನ್ ಎಂದು ಧೈರ್ಯವಾಗಿ ಗುರುತು ಹಾಕಿಕೊಳ್ಳಿ.

ಕ್ಲೋರೋಡೈನ್ ಇನ್ನೊಂದು. ಭಾರತದಲ್ಲಿದ್ದ ಸೇನಾ ವೈದ್ಯ ಕಾಲಿಸ್ ಬ್ರೌನ್ ಕಾಲರಾಕ್ಕೆಂದು ಬೆರೆಸಿದ್ದು: ಅಫೀಮಿನ ಸತ್ವ, ಕ್ಲೋರೋಫಾರ್ಮ್, ಭಂಗಿ. ಅದರ ಜಾಹೀರಾತು ದಶಕಗಟ್ಟಲೆ ಒಂದು ಕೋರ್ಟು ಕೇಸನ್ನೇ ಮುಂದಿಟ್ಟುಕೊಂಡು ಬಂತು. ಫ್ರೀಮನ್ ಎಂಬ ಪ್ರತಿಸ್ಪರ್ಧಿ ಹೇಳಿದ್ದು ಬೇಕೆಂದೇ ಹೇಳಿದ ಸುಳ್ಳು ಎಂದು ನ್ಯಾಯಾಧೀಶರು ನುಡಿದಿದ್ದಾರೆ, 1864ರ ಜುಲೈ 13ರ 'ಟೈಮ್ಸ್' ನೋಡಿ, ಎಂದು. ಮದ್ದು ಗುಣ ಮಾಡುತ್ತದೆಯೇ ಎಂಬುದು ಆ ಕೇಸಿನ ವಿಷಯವೇ ಆಗಿರಲಿಲ್ಲ, ಮೊದಲು ಕಂಡುಹಿಡಿದವರು ಯಾರು ಎಂಬುದಷ್ಟೇ ಆಗಿತ್ತು. ಅಫೀಮು ಕರುಳಿನ ಚಲನೆ ತಗ್ಗಿಸುತ್ತದೆ, ಭೇದಿ ನಿಂತ ಹಾಗೆ ಕಾಣುತ್ತದೆ. ಆದರೆ ಕಾಲರಾದಲ್ಲಿ ಜೀವ ಹೋಗುವುದು ಮೈಯ ನೀರು, ಉಪ್ಪು ಬರಿದಾಗಿ. ಕರುಳಿಗೆ ಇಳಿದ ನೀರು ಒಳಗೇ ನಿಂತರೂ ರಕ್ತಕ್ಕೆ ಅದು ನಷ್ಟವೇ. ಹೀಗೆ ಭೇದಿ ನಿಂತ ಮಾತ್ರಕ್ಕೆ ರೋಗಿ ಉಳಿಯುತ್ತಿರಲಿಲ್ಲ. ಆದರೂ ಬಾಟಲಿಗಳು ಮಾರಿಹೋದವು, ಹತ್ತಿರ ವೈದ್ಯರೇ ಇಲ್ಲದ ಊರಿಗೆ ಅಂಚೆಯಲ್ಲಿ ಬರುತ್ತಿದ್ದದ್ದು ಇಂಥ ಮದ್ದುಗಳೇ. 1877ರಲ್ಲಿ ವಿ.ಪಿ.ಪಿ., ಅಂದರೆ ಸರಕು ಕೈಸೇರುವಾಗ ಅಂಚೆಯವನಿಗೆ ಹಣ ಕೊಡುವ ಪದ್ಧತಿ, ಬಂದ ಮೇಲೆ ಹಣವನ್ನು ಮೊದಲೇ ಕಳಿಸಬೇಕಾದ ಅಂಜಿಕೆಯೂ ತಪ್ಪಿತು.

1909ರಲ್ಲಿ ಬ್ರಿಟಿಷ್ ವೈದ್ಯರ ಸಂಘ ಇಂಥ ಹಲವು ಔಷಧಿಗಳನ್ನು ಪರೀಕ್ಷಿಸಿ ಪುಸ್ತಕ ಮಾಡಿತು. ಹೆಸರಾಂತ ಬೀಚಮ್ಸ್ ಗುಳಿಗೆಯಲ್ಲಿ ಸಿಕ್ಕಿದ್ದು ಲೋಳೆಸರದ ಸತ್ವ, ಶುಂಠಿ, ಸಾಬೂನು. ಆ ಪುಸ್ತಕದ ಜಾಹೀರಾತನ್ನು ಹಲವು ಪತ್ರಿಕೆಗಳು ಹಾಕಲು ಒಪ್ಪಲಿಲ್ಲ. ಗುಳಿಗೆಯ ಹಣದಲ್ಲಿ ಅಚ್ಚಾಗುವ ಪತ್ರಿಕೆಗೆ ಆ ಧೈರ್ಯ ಬರುವುದು ಕಷ್ಟ. ಇಂಥ ಔಷಧಿಗಳ ಬಗ್ಗೆ ವಿಚಾರಣೆ ಮಾಡಿದ ಪಾರ್ಲಿಮೆಂಟಿನ ಸಮಿತಿಯ ವರದಿ ಹೊರಬಿದ್ದದ್ದು 1914ರ ಆಗಸ್ಟ್ 4ರಂದು, ಬ್ರಿಟನ್ ಯುದ್ಧಕ್ಕಿಳಿದ ದಿನವೇ. ಅದನ್ನು ಓದುವ ವ್ಯವಧಾನ ಯಾರಿಗಿತ್ತು?

ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕಾದ ತಮ್ಮ ಪತ್ರಿಕೆ 'ಇಂಡಿಯನ್ ಒಪಿನಿಯನ್'ನಲ್ಲಿ ಜಾಹೀರಾತು ನಿಲ್ಲಿಸಿದರು ಎಂದು ನೀವು ಹೇಳಬಹುದು. ಆ ನಿಷ್ಠೆಗೆ ಗೌರವವಿದೆ. ಆದರೆ ಕಾಶೀನಾಥುನಿ ನಾಗೇಶ್ವರರಾಯರನ್ನೂ ನೆನೆಯಿರಿ. 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನ ಮಾಡಿದರು. ಸಂಗೀತ ಕಛೇರಿಗಳಲ್ಲಿ ಪುಕ್ಕಟೆ ಹಂಚಿ ಹೆಸರು ಮಾಡಿದರು. ಆ ಹಣದಿಂದ 1908ರಲ್ಲಿ 'ಆಂಧ್ರ ಪತ್ರಿಕ' ವಾರಪತ್ರಿಕೆ ತೆಗೆದು, 1914ರಲ್ಲಿ ಮದ್ರಾಸಿನಿಂದ ಅದನ್ನು ದೈನಿಕ ಮಾಡಿದರು. ತೆಲುಗು ನಾಡಿನ ಸ್ವಾತಂತ್ರ್ಯದ ದನಿಗೆ ಕಾಗದ, ಮಸಿ ಒದಗಿಸಿದ್ದು ತಲೆನೋವಿನ ಮುಲಾಮು. ದೇಶಭಾಷೆಯ ಪತ್ರಿಕೆಗಳ ಚರಿತ್ರೆ ಬರೆಯುವವರು ಸಂಪಾದಕರ ಜೈಲುವಾಸ ಬರೆಯುತ್ತಾರೆ. ತಿಂಗಳ ಕೊನೆಗೆ ಅಚ್ಚಿನ ಮೊಳೆ ಜೋಡಿಸುವವರ ಸಂಬಳ ಎಲ್ಲಿಂದ ಬಂತು ಎಂದು ಬರೆಯುವುದಿಲ್ಲ. ಅದು ಇರುವುದು ನೀವು ಬಿಡಬೇಕೆಂದಿರುವ ಪುಟಗಳಲ್ಲಿ.

ನಿಮ್ಮೊಬ್ಬರನ್ನೇ ದೂರುವುದು ನ್ಯಾಯವಲ್ಲ. ಬೈಂಡು ಮಾಡುವಾಗ ಹೊರಹೊದಿಕೆ, ಜಾಹೀರಾತಿನ ಹಾಳೆ, ಪುರವಣಿ ಎಲ್ಲ ಕಿತ್ತುಹಾಕುವ ರೂಢಿ ಗ್ರಂಥಾಲಯಗಳಲ್ಲಿ ಎಷ್ಟೋ ಕಾಲದಿಂದ ಇದೆ. ಪತ್ರಿಕೆಯ ಬೆಲೆ, ಅಚ್ಚುಕೂಟದ ವಿಳಾಸ, ಏಜೆಂಟರ ಪಟ್ಟಿ ಬಹಳ ಸಲ ಇರುತ್ತಿದ್ದದ್ದು ಆ ಹೊದಿಕೆಯ ಮೇಲೆಯೇ. ಇವತ್ತಿನ ಸ್ಥಿತಿ ಇನ್ನೂ ಕಡೆ. ಜಾಲತಾಣದ ಸುದ್ದಿಯ ಪಕ್ಕ ನಿಮಗೆ ಕಂಡ ಜಾಹೀರಾತು ನನಗೆ ಕಾಣುವುದಿಲ್ಲ, ನಾಳೆ ಯಾರಿಗೂ ಕಾಣುವುದಿಲ್ಲ. ಮನೆ, ನಿವೇಶನದ ಯೋಜನೆಗಳನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಬಂದು, ನೋಂದಣಿಯಾಗಬೇಕಾದ ಯೋಜನೆಯನ್ನು ನೋಂದಣಿ ಮಾಡಿಸದೆ ಜಾಹೀರಾತು ಹಾಕುವಂತಿಲ್ಲ ಎಂದಾಯಿತು. ಮಾಂತ್ರಿಕ ಔಷಧಿಗಳ ಜಾಹೀರಾತಿನ ವಿರುದ್ಧ 1954ರಿಂದ ಕಾಯ್ದೆ ಇದೆ. ಇವನ್ನು ಪಾಲಿಸಿದರೋ ಇಲ್ಲವೋ ಎಂದು ಐವತ್ತು ವರ್ಷದ ಮೇಲೆ ಯಾರಾದರೂ ಕೇಳಿದರೆ ತೋರಿಸಲು ಏನಿರುತ್ತದೆ?

ಈಗ ನಿಮ್ಮ ಕೆಲಸದ ಮಾತು. ಖರ್ಚು ಉಳಿಸಬೇಕಾದರೆ ಓಸಿಆರ್, ಅಂದರೆ ಚಿತ್ರದಿಂದ ಅಕ್ಷರಗಳನ್ನು ಯಂತ್ರದಿಂದ ಓದಿಸುವ ಕೆಲಸ, ಬಿಡಿ. ಕಾಲಮ್ಮು ಬೆರೆತ ಹಳೆಯ ಕನ್ನಡ ಅಚ್ಚಿನಲ್ಲಿ ಅದು ಮಾಡುವ ತಪ್ಪು ತಿದ್ದುವುದರಲ್ಲೇ ಹಣ ಕರಗುತ್ತದೆ. ಚಿತ್ರವನ್ನು ಮಾತ್ರ ಚೆನ್ನಾಗಿ ತೆಗೆಸಿ. ಲೇಖನಕ್ಕೆ 300 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕೆ) ಸಾಕು, ಜಾಹೀರಾತಿನ ಮೊಳೆ ಸಣ್ಣದು, ಅದಕ್ಕೆ 400 ಇಡಿಸಿ. ಬರೀ ಕಪ್ಪು-ಬಿಳುಪು ಬೇಡ, ಗ್ರೇ ಅಥವಾ ಬಣ್ಣ ಇರಲಿ. ಇಲ್ಲದಿದ್ದರೆ ಸವೆದ ಅಚ್ಚಿನ ಬ್ಲಾಕಿನ ತೆಳು ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಅಂಚು ಕತ್ತರಿಸಬೇಡಿ. ಫೈಲಿನ ಹೆಸರು ವರ್ಷ, ತಿಂಗಳು, ದಿನ, ಪುಟ ಈ ಕ್ರಮದಲ್ಲಿರಲಿ. ಪುಟ ಕಾಣೆಯಾಗಿದ್ದರೆ ಆ ಸಂಖ್ಯೆಗೆ "ಇಲ್ಲ" ಎಂದು ಬರೆದ ಒಂದು ಹಾಳೆಯನ್ನೇ ಸ್ಕ್ಯಾನ್ ಮಾಡಿ ಸೇರಿಸಿ. ಮುಂದೆ ನೋಡುವವರು ನಿಮ್ಮ ಕೈತಪ್ಪೆಂದು ತಿಳಿಯಬಾರದು.

ಒಂದೇ ಜಾಹೀರಾತು ವರ್ಷವಿಡೀ ಬಂದಿದೆ, ಪ್ರತಿಸಲ ತೆಗೆಯಬೇಕೇ ಎಂದು ನಿಮ್ಮ ಗುಂಪಿನಲ್ಲಿ ಕೇಳುತ್ತಾರೆ. ತೆಗೆಯಬೇಕು. ಮನೆಯ ಜಾಹೀರಾತು ನಿಂತ ವಾರ ಮನೆ ಹೋಗಿರಬಹುದು. ನಡುವೆ ಬಾಡಿಗೆ ಇಳಿದಿರಬಹುದು. ಔಷಧಿಯ ಬ್ಲಾಕಿನಲ್ಲಿ ಅಕ್ಷರ ಎಂದು ಮುರಿಯಿತು ಎಂಬುದರಿಂದ ತಾರೀಖು ಹರಿದ ಬಿಡಿ ಹಾಳೆಗೂ ವರ್ಷ ಹೇಳಬಹುದು. ಪಟ್ಟಿ ಬರೆಯುವಾಗ ಮಾತ್ರ ಮೊದಲ ಸಲ ಬಂದದ್ದನ್ನು ಪೂರ್ತಿ ಬರೆದು, ಆಮೇಲಿನದಕ್ಕೆ ತಾರೀಖು ಸಾಕು. ತಾರೀಖು, ಪುಟ, ಸರಕು, ಊರು, ಬೆಲೆ: ಐದೇ ಕಾಲಮ್ಮು. ಹೊದಿಕೆ ಹಾಳೆಗಳಿಂದಲೇ ಶುರು ಮಾಡಿ, ಮೊದಲು ಪುಡಿಯಾಗುವುದು ಅವೇ.