ಆಝಿ ಹೋದ ಮೇಲೆ ಬ್ಲ್ಯಾಕ್ ಸ್ಯಾಬತ್ ಮುಗಿಯಿತು ಅನ್ನೋದು ನಿಜವೇ?

ನಿಮ್ಮ ಪ್ರಶ್ನೆಯಲ್ಲಿ ನನ್ನದೇ ಹಳೆಯ ವಾದ ಕಂಡಿತು. 1979ರಲ್ಲಿ ಗಾಯಕ ಆಝಿ ಆಸ್ಬೋರ್ನ್ ಹೊರಬಿದ್ದಾಗಲೇ ಬ್ರಿಟನ್ನಿನ ಹೆವಿ ಮೆಟಲ್ ತಂಡ ಬ್ಲ್ಯಾಕ್ ಸ್ಯಾಬತ್‌ನ ಕಥೆ ಮುಗಿಯಿತು, ಅವರ ಸದ್ದಿನಲ್ಲಿ ಮೊದಲಿದ್ದ ಆ ಭಾರ ಮತ್ತೆ ಬರಲಿಲ್ಲ ಅನ್ನುತ್ತೀರಿ. ನಿಮ್ಮ ತಂಡ ಯಾವ ಕಾಲದ ಹಾಡುಗಳನ್ನು ನುಡಿಸಬೇಕು ಅಂತಲೂ ಕೇಳಿದ್ದೀರಿ. ನಾನೂ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದೆ. ಹಾಗೆ ಹೇಳಲು ಕಾರಣವಾದದ್ದು ಒಂದೇ ಒಂದು ತಪ್ಪು, ಅದನ್ನೇ ಮೊದಲು ಬಿಡಿಸಿ ಹೇಳುತ್ತೇನೆ.

ಭಾರ ಅಂದರೆ ಕೆಳಗಿನ ಶ್ರುತಿ ಮತ್ತು ದಪ್ಪ ತಂತಿ ಅಂದುಕೊಂಡಿದ್ದೆ. ಗಿಟಾರಿಗೆ 12–54ರ ಸೆಟ್ ಹಾಕಿದೆ, ಅಂದರೆ ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ 12 ಭಾಗ, ಅತಿ ದಪ್ಪದ್ದು 54 ಭಾಗ. ತಂತಿ ಕೂರಲಿಲ್ಲವೆಂದು ನಟ್‌ನ, ಅಂದರೆ ಕತ್ತಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿಯ, ಕಚ್ಚುಗಳನ್ನು ಅರದಿಂದ ಅಗಲ ಮಾಡಿದೆ. ಎಲ್ಲ ಹಾಡನ್ನೂ ಮಾಮೂಲಿ ಇ ಶ್ರುತಿಯಿಂದ ಸಿ ಶಾರ್ಪ್‌ಗೆ ಇಳಿಸಿ ನುಡಿಸಿದೆ. ಸಪ್ಪೆಯಾಗಿತ್ತು. ಗಿಟಾರಿನಲ್ಲಿ ಎಲ್ಲ ಸರಿಯಿದ್ದೂ ಹೀಗಾದರೆ ಆ ಭಾರವೆಲ್ಲ ಆಝಿಯ ಗಂಟಲಲ್ಲೇ ಇದ್ದಿರಬೇಕು ಎಂಬ ತೀರ್ಮಾನಕ್ಕೆ ಬಂದುಬಿಟ್ಟೆ. ಮತ್ತೆ ತೆಳು ತಂತಿ ಹಾಕಿದಾಗ ಅಗಲವಾದ ಕಚ್ಚಿನಲ್ಲಿ ತಂತಿ ಅಲುಗಾಡಿ ಝರ್ ಅನ್ನತೊಡಗಿತು, ನಟ್ಟನ್ನೇ ಬದಲಿಸಬೇಕಾಯಿತು.

ಎಡವಿದ್ದು ಎಲ್ಲಿ ಅಂದರೆ, ಮೊದಲ ಎರಡು ಆಲ್ಬಮ್‌ಗಳಲ್ಲಿ ಶ್ರುತಿ ಇಳಿಸಿಯೇ ಇಲ್ಲ. ಅವು ಮಾಮೂಲಿ ಇ ಶ್ರುತಿಯಲ್ಲಿವೆ. ಮೂರು ಫ್ರೆಟ್‌ನಷ್ಟು ಇಳಿಸಿದ್ದು 1971ರ ಮಾಸ್ಟರ್ ಆಫ್ ರಿಯಾಲಿಟಿಯಲ್ಲಿ, ಅದೂ ಚಿಲ್ಡ್ರನ್ ಆಫ್ ದ ಗ್ರೇವ್, ಲಾರ್ಡ್ ಆಫ್ ದಿಸ್ ವರ್ಲ್ಡ್, ಇನ್‌ಟು ದ ವಾಯ್ಡ್ ಎಂಬ ಮೂರೇ ಹಾಡುಗಳಿಗೆ. ವೇದಿಕೆಯ ಮೇಲೆ ಮುಂದೆ ಹಳೆಯ ಹಾಡುಗಳನ್ನೂ ಇಳಿಸಿ ನುಡಿಸಿದ್ದಾರೆ, ಅದು ಬೇರೆ ಮಾತು.

ಇಳಿಸಿದ್ದಾದರೂ ಯಾಕೆ? ತಂಡದ ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು, ನಡುಬೆರಳು ಮತ್ತು ಉಂಗುರಬೆರಳು. ಅವರು ಎಡಚರು, ಹಾಗಾಗಿ ತಂತಿ ಒತ್ತುವ ಕೈಯೇ ಹೋದಂತಾಯಿತು. ಪಾತ್ರೆ ತೊಳೆಯುವ ಲಿಕ್ವಿಡ್‌ನ ಬಾಟಲಿಯ ಪ್ಲಾಸ್ಟಿಕ್ ಕರಗಿಸಿ, ಕಾದ ಸಾಲ್ಡರಿಂಗ್ ಐರನ್‌ನಿಂದ ಬೆರಳಿನ ಅಳತೆಗೆ ಟೊಪ್ಪಿ ಮಾಡಿ, ಉಜ್ಜಿ ನಯಗೊಳಿಸಿ, ಮೇಲೆ ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿಕೊಂಡರು. ಆಗ ಗಿಟಾರಿಗೆ ತೆಳು ತಂತಿ ಸಿಗುತ್ತಿರಲಿಲ್ಲ, ಬ್ಯಾಂಜೋ ತಂತಿ ಹಾಕಿದರು. ತೆಳು ತಂತಿ ಹಾಕಿದ್ದೂ ಶ್ರುತಿ ಇಳಿಸಿದ್ದೂ ತಂತಿ ಸಡಿಲವಾಗಿ ಬೆರಳಿಗೆ ಸುಲಭವಾಗಲಿ ಅಂತಲೇ.

ಇನ್ನು ಲೆಕ್ಕ. ಇ ತಂತಿ 82.4 ಹರ್ಟ್ಸ್, ಸಿ ಶಾರ್ಪ್ 69.3. ಕಂಪನ 16 ಶೇಕಡಾ ಇಳಿಯುತ್ತದೆ, ಬಿಗಿ ಅದರ ವರ್ಗದ ಪ್ರಮಾಣದಲ್ಲಿ ಇಳಿಯುವುದರಿಂದ ಸುಮಾರು 29 ಶೇಕಡಾ ಹೋಗುತ್ತದೆ. ಆ ಬಿಗಿ ವಾಪಸ್ ಬರಬೇಕಾದರೆ ತಂತಿ 1.19 ಪಟ್ಟು ದಪ್ಪ ಬೇಕು, ಅಂದರೆ 10–46ರ ಬದಲು ಹೆಚ್ಚುಕಡಿಮೆ 12–55. ನಾನು ಹಾಕಿದ್ದು ಅದನ್ನೇ! ಅಯೋಮಿ ಕಷ್ಟಪಟ್ಟು ಕಳೆದ ಬಿಗಿಯನ್ನು ನಾನು ದುಡ್ಡು ಕೊಟ್ಟು ಮರಳಿ ತಂದಿದ್ದೆ. ಆ ಮೂರು ಹಾಡುಗಳಿಗೆ 10–46 ಹಾಕಿ ಇಳಿಸಿ ನೋಡಿ, ಇ ಶ್ರುತಿಯ 8ರ ಸೆಟ್‌ನಷ್ಟು ಸಡಿಲವಾಗುತ್ತದೆ. ಜೋರಾಗಿ ಒತ್ತಬೇಡಿ, ಸ್ವರ ಮೇಲಕ್ಕೆ ಜಾರುತ್ತದೆ. ಬಿಗಿ ಕಡಿಮೆಯಾದಾಗ ಕತ್ತು ಹಿಂದಕ್ಕೆ ಬಾಗಿ ತಂತಿ ಫ್ರೆಟ್ಟಿಗೆ ತಾಗಬಹುದು. ಕತ್ತಿನೊಳಗಿನ ಸರಳಾದ ಟ್ರಸ್ ರಾಡನ್ನು ಕಾಲು ಸುತ್ತು ಸಡಿಲಿಸಿ ಒಂದು ದಿನ ಬಿಡಿ, ಆಮೇಲೆ ಬ್ರಿಜ್‌ನಲ್ಲಿ 12ನೇ ಫ್ರೆಟ್‌ನ ಸ್ವರ ಸರಿಮಾಡಿಕೊಳ್ಳಿ. ಐರನ್ ಮ್ಯಾನ್ ಹಾಡು ಶುರುವಾಗುವಾಗ ನರಳುವ ಆ ಸ್ವರ ಗೊತ್ತಲ್ಲ, ಅದು ಖಾಲಿ ಇ ತಂತಿಯನ್ನು ನಟ್‌ನ ಆಚೆ, ತಲೆಯ ಕಡೆ ಒತ್ತಿ ಎಳೆದದ್ದು. 54ರ ತಂತಿಯಲ್ಲಿ ಅದನ್ನು ಮಾಡಲು ಬೆರಳು ಸೋಲುತ್ತದೆ.

ಹಾಗಾದರೆ ಮೊದಲ ಎರಡು ಆಲ್ಬಮ್‌ಗಳ ಭಾರ ಎಲ್ಲಿಂದ ಬಂತು? ಮೂರು ವಾದ್ಯ ಒಂದೇ ಉಸಿರಿನಲ್ಲಿ ಹೋಗುವುದರಿಂದ. ಗೀಝರ್ ಬಟ್ಲರ್ ಮೊದಲು ಗಿಟಾರ್ ನುಡಿಸುತ್ತಿದ್ದವರು, ಬೇಸಿನಲ್ಲೂ ರಿಫ್ಫನ್ನೇ, ಅಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಸ್ವರಗುಚ್ಛವನ್ನೇ, ಹಿಡಿದು ಹೋಗುತ್ತಾರೆ. ಡ್ರಮ್ಸ್‌ನ ಬಿಲ್ ವಾರ್ಡ್‌ರದು ಜಾಝ್ ಕಿವಿ, ತಾಳಕ್ಕೆ ಅಂಟಿಕೊಳ್ಳುವುದಕ್ಕಿಂತ ಗಿಟಾರಿಗೆ ಉತ್ತರ ಕೊಡುತ್ತಾರೆ. ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರ್‌ನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್‌ನಲ್ಲಿ ನಾಲ್ಕು ಟ್ರ್ಯಾಕ್‌ನ ಯಂತ್ರದ ಮೇಲೆ, ಎಲ್ಲರೂ ಒಟ್ಟಿಗೆ ನುಡಿಸಿ, ಒಂದೇ ದಿನದಲ್ಲಿ ಮುಗಿಸಿದರು. ಅದರ ಮೊದಲ ರಿಫ್ಫಿನಲ್ಲಿರುವುದು ಮೂರೇ ಸ್ವರ. ಜಿಯನ್ನು ಷಡ್ಜವೆಂದುಕೊಳ್ಳಿ: ಸ, ಮೇಲಿನ ಸ, ಆಮೇಲೆ ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ಅದೇ ಪ್ರತಿಮಧ್ಯಮಕ್ಕೆ ಪಂಚಮದ ಆಸರೆ ಇರುತ್ತದೆ. ಇಲ್ಲಿ ಪಂಚಮವೇ ಬರುವುದಿಲ್ಲ, ಸ್ವರ ಗಾಳಿಯಲ್ಲಿ ತೂಗಾಡುತ್ತಾ ನಿಲ್ಲುತ್ತದೆ. ಮೈ ಜುಮ್ಮೆನ್ನುವುದು ಅದಕ್ಕೇ.

ಈಗ ಇಳಿಮುಖದ ವಿಚಾರ. ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಅವರ ಸ್ಥಾನ ನೋಡಿ: 1971ರ ಮಾಸ್ಟರ್ ಆಫ್ ರಿಯಾಲಿಟಿಗೆ 8, 1973ರ ಸ್ಯಾಬತ್ ಬ್ಲಡಿ ಸ್ಯಾಬತ್‌ಗೆ 11, 1975ರ ಸಾಬೊಟಾಜ್‌ಗೆ 28, 1976ರ ಟೆಕ್ನಿಕಲ್ ಎಕ್ಸ್‌ಟಸಿಗೆ 51, 1978ರ ನೆವರ್ ಸೇ ಡೈಗೆ 69. ಇಷ್ಟೂ ಆಝಿ ಇದ್ದಾಗಲೇ. ಅವರು ಹೋದ ಮೇಲೆ ಗಾಯಕರಾಗಿ ರಾನಿ ಜೇಮ್ಸ್ ಡಿಯೊ ಬಂದು 1980ರಲ್ಲಿ ಹೆವನ್ ಆ್ಯಂಡ್ ಹೆಲ್ ಮಾಡಿದಾಗ ಮತ್ತೆ 28, ಬ್ರಿಟನ್ನಿನಲ್ಲಿ 9. ನಿಮ್ಮ ವಾದ ಇಲ್ಲೇ ಬಿದ್ದುಹೋಗುತ್ತದೆ.

ಸ್ಥಾನ ಕುಸಿದಿದ್ದರೂ ಸಾಬೊಟಾಜನ್ನು ನಾನು ಇಳಿಮುಖಕ್ಕೆ ಸೇರಿಸುವುದಿಲ್ಲ. ಹಳೆಯ ಮ್ಯಾನೇಜರ್ ಜೊತೆಗಿನ ಕೋರ್ಟು ವ್ಯಾಜ್ಯದ ಸಿಟ್ಟೆಲ್ಲ ಅದರ ಗಿಟಾರಿನಲ್ಲಿದೆ. ಕೆಟ್ಟದ್ದು ಅದಾದ ಮೇಲೆ. ಮೊದಲ ಮೂರು ಆಲ್ಬಮ್‌ಗಳಿಗೆ ರಾಜರ್ ಬೇನ್ ಎಂಬ ಹೊರಗಿನ ನಿರ್ಮಾಪಕರಿದ್ದರು, ಎಲ್ಲಿ ಸಾಕು ಅಂತ ಹೇಳುವವರು ಅವರು. ಮುಂದೆ ನಿರ್ಮಾಣದ ಆ ಹೊರೆ ಹೆಚ್ಚುಹೆಚ್ಚಾಗಿ ಅಯೋಮಿಯ ಹೆಗಲಿಗೆ ಬಿತ್ತು. 1977ರ ಕೊನೆಗೆ ಆಝಿ ಒಮ್ಮೆ ಬಿಟ್ಟುಹೋಗಿ ಜನವರಿಯಲ್ಲಿ ಮರಳಿದರು. ನಡುವೆ ಬೇರೆ ಗಾಯಕರ ಜೊತೆ ಬರೆದ ಹಾಡುಗಳನ್ನು ಹಾಡಲು ಒಪ್ಪಲಿಲ್ಲ. ಟೊರಾಂಟೊದ ಚಳಿಯಲ್ಲಿ, ಬಾಡಿಗೆಗೆ ಹಿಡಿದ ಸಿನಿಮಾ ಮಂದಿರದಲ್ಲಿ ಹಗಲು ಹಾಡು ಕಟ್ಟಿ, ರಾತ್ರಿ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿದ್ದೇ ನೆವರ್ ಸೇ ಡೈ. ಅದರ ಕೊನೆಯ ಹಾಡನ್ನು ಡ್ರಮ್ಸ್‌ನ ವಾರ್ಡ್ ಹಾಡಿದ್ದಾರೆ. ಅದಕ್ಕಿಂತ ಮುಂಚಿನದರಲ್ಲಿ ಆಝಿಯೇ ಇಲ್ಲ, ಬರೀ ವಾದ್ಯಗಳು, ಜೊತೆಗೆ ಹಿತ್ತಾಳೆ ವಾದ್ಯಗಳ ಮೇಳ. ಗಾಯಕ ತಂಡದಲ್ಲಿದ್ದೂ ಹಾಡಿನಲ್ಲಿಲ್ಲ.

ಡಿಯೊ ಬಂದಾಗ ಮಾರ್ಟಿನ್ ಬರ್ಚ್ ನಿರ್ಮಾಪಕರಾದರು. ಹಾಡು ಕಟ್ಟುವ ರೀತಿಯೇ ಬದಲಾಯಿತು. ಐರನ್ ಮ್ಯಾನ್‌ನಲ್ಲಿ ದನಿ ಗಿಟಾರಿನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡುತ್ತದೆ. ಡಿಯೊ ರಿಫ್ಫನ್ನು ದಾಟಿ, ಕಾರ್ಡ್‌ಗಳ ಮೇಲೆ ತಮ್ಮದೇ ರಾಗ ಎಳೆಯುತ್ತಾರೆ. ಇದು ಬೇರೆ ರೀತಿಯ ಸಂಗೀತ, ಕಡಿಮೆಯದಲ್ಲ. ನನ್ನ ಪ್ರಕಾರ ತಂಡ ನಿಜವಾಗಿ ಒಡೆದದ್ದು ಬಟ್ಲರ್ 1984ರಲ್ಲಿ ಹೊರಟ ಮೇಲೆ. 1986ರ ಸೆವೆಂತ್ ಸ್ಟಾರ್ ಅಯೋಮಿಯ ಸ್ವಂತ ಆಲ್ಬಮ್ ಆಗಬೇಕಿತ್ತು, ಹೊರಗೆ ಬಂದದ್ದು ಸ್ಯಾಬತ್ ಹೆಸರಲ್ಲಿ. ಅಲ್ಲಿಂದ ಒಂದಷ್ಟು ವರ್ಷ ಉಳಿದದ್ದು ಹೆಸರು ಮತ್ತು ಒಂದು ಗಿಟಾರ್. 2013ರಲ್ಲಿ ಆಝಿ, ಅಯೋಮಿ, ಬಟ್ಲರ್ ಸೇರಿ 13 ಎಂಬ ಆಲ್ಬಮ್ ಮಾಡಿದರು. ಅಮೆರಿಕದಲ್ಲಿ ಅವರಿಗೆ ಸಿಕ್ಕ ಮೊಟ್ಟಮೊದಲ 1ನೇ ಸ್ಥಾನ ಅದೇ. ಆದರೆ ಅದರಲ್ಲಿ ವಾರ್ಡ್ ಇಲ್ಲ. ಡ್ರಮ್ಸ್ ನೆಟ್ಟಗೆ ನಡೆಯುತ್ತದೆ, ಮಾತಾಡುವುದಿಲ್ಲ. ಆಝಿ ವಾಪಸ್ ಬಂದರೂ ಭಾರ ಪೂರ್ತಿ ಬರಲಿಲ್ಲ ಅನ್ನುವುದಕ್ಕೆ ನನ್ನ ಸಾಕ್ಷಿ ಇದು.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಕೊನೆಗೂ ನಾಲ್ವರೂ ಸೇರಿ ನಾಲ್ಕು ಹಾಡು ನುಡಿಸಿದರು. ನಾಲ್ಕೂ 1970ರವು. 17 ದಿನಗಳ ನಂತರ ಆಝಿ ತೀರಿಕೊಂಡರು. ಆ ಕಾರ್ಯಕ್ರಮ ನೋಡುವಾಗ ಸ್ವಲ್ಪ ಹೊತ್ತು ಹಾಡುವವರನ್ನು ಬಿಟ್ಟು ವಾರ್ಡ್ ಮತ್ತು ಬಟ್ಲರ್ ಅವರನ್ನೇ ಗಮನಿಸಿ.

ನಿಮ್ಮ ತಂಡಕ್ಕೆ ಕಾಲ ಆರಿಸುವ ಗೋಜು ಬೇಡ. ಇ ಶ್ರುತಿಯಲ್ಲಿ ಎರಡನೇ ಆಲ್ಬಮ್ಮಿನಿಂದ ಎರಡು ಹಾಡು ಎತ್ತಿಕೊಳ್ಳಿ. ಆಂಪ್‌ನಲ್ಲಿ ಸದ್ದನ್ನು ಒರಟಾಗಿಸುವ ಗೇನ್ ಅರ್ಧಕ್ಕಿಂತ ಕೆಳಗಿರಲಿ, ನಡುವಿನ ಸ್ವರಗಳನ್ನು ಎತ್ತುವ ಮಿಡ್ 7ರ ಹತ್ತಿರ ಇರಲಿ. ಮಿಡ್ ಕಿತ್ತುಹಾಕಿದರೆ ಗಿಟಾರ್ ಬೇಸಿನೊಳಗೆ ಮುಳುಗುತ್ತದೆ. ಮೊದಲ ವಾರ ಹಾಡುವವರನ್ನು ಕರೆಯಬೇಡಿ, ಗಿಟಾರ್, ಬೇಸ್, ಡ್ರಮ್ಸ್ ಮೂವರೇ ಕೂತು ನುಡಿಸಿ.