ವಲಸಿಗರು ಹೆಚ್ಚಾಗಿ ಬಂದರೆ ಸ್ಥಳೀಯರ ಕೂಲಿ ಇಳಿಯುತ್ತದೆಯೇ?

ಎಲ್ಲರಿಗೂ ಒಂದೇ ರೀತಿ ಆಗುವುದಿಲ್ಲ. ಅಮೆರಿಕದ ಮಯಾಮಿಯನ್ನೇ ನೋಡಿ. 1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿ ಹತ್ತಿ ಬಂದರು. ಮಯಾಮಿಯಲ್ಲಿ ದುಡಿಯುವವರ ಸಂಖ್ಯೆ ಕೆಲವೇ ತಿಂಗಳಲ್ಲಿ ಶೇ. 7ರಷ್ಟು ಜಾಸ್ತಿಯಾಯಿತು. ಆದರೂ ಸ್ಥಳೀಯರ ಕೂಲಿ ಕುಸಿಯಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದರು. ಬಂದವರು ಬರೀ ಕೆಲಸ ಕೇಳುವುದಿಲ್ಲ. ಮನೆ ಬಾಡಿಗೆಗೆ ಹಿಡಿಯುತ್ತಾರೆ, ಅಂಗಡಿಗೆ ಹೋಗುತ್ತಾರೆ, ಅಲ್ವಾ? ಅದರಿಂದ ಹೊಸ ಕೆಲಸವೂ ಹುಟ್ಟುತ್ತದೆ.

ಮುಂದೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಅದೇ ಊರಿನ ಲೆಕ್ಕ ಮತ್ತೆ ತೆಗೆದರು. ಹೈಸ್ಕೂಲ್ ಮುಗಿಸದ ಗಂಡಸರ ಕೂಲಿ ಶೇ. 10ರಿಂದ 30ರಷ್ಟು ಇಳಿದಿತ್ತು ಎಂದರು. ಅವರು ನೋಡಿದ ಗುಂಪು ತೀರಾ ಚಿಕ್ಕದು ಎಂಬ ಆಕ್ಷೇಪವಿದೆ, ನನಗೂ ಅದು ಸರಿ ಅನ್ನಿಸುತ್ತದೆ. ಹಾಗಂತ ಕಡಿಮೆ ಓದಿದವರ ಆತಂಕವನ್ನು ಸುಮ್ನೆ ತಳ್ಳಿಹಾಕಬಾರದು. ಪೈಪೋಟಿ ಮೊದಲು ತಟ್ಟುವುದು ಅವರಿಗೆ, ಮತ್ತು ಹಿಂದೆಯೇ ಬಂದು ನೆಲೆಸಿದ ವಲಸಿಗರಿಗೆ.